ವೇಣಂ, ವೇಂಡ

ಬದಿಯಡ್ಕದ ಪಂಚಾಯತು ಕಛೇರಿಗೆ ಎದುರು
ಝೆರಾಕ್ಸ್ ಅಂಗಡಿಯ ಹೊರಬೆಂಚು ನನ್ನದು.
ಮಲೆಯಾಳದ ಫಾರಮು ಕನ್ನಡದವರಿಗೆ ಓದಿ ಹೇಳುತ್ತೇನೆ,
ಕನ್ನಡದ ತಾಪತ್ರಯ ಮಲೆಯಾಳದಲ್ಲಿ ಬರೆದು ಕೊಡುತ್ತೇನೆ.
ಅರ್ಜಿಗೆ ನಲವತ್ತು ರೂಪಾಯಿ,
ಬೀಡಿ ಕಟ್ಟುವವರಿಗೆ ಇಪ್ಪತ್ತು.

ಹತ್ತರಲ್ಲಿ ಎಂಟು ಮಂದಿ ಕೇಳುವುದು ಒಂದೇ:
ಅಕ್ಕಾ, ಇದಕ್ಕೆ ಪರ್ಮಿಟ್ ಬೇಕಾ?

ಗೋಡೆಗೆ ಸುಣ್ಣವೋ ಪೈಂಟೋ, ಬಳಿದುಕೊಳ್ಳಿ, ಬೇಡ.
ಒಡೆದ ಹಂಚಿಗೆ ಬೇರೆ ಹಂಚು,
ಗೆದ್ದಲು ಹಿಡಿದ ಪಕ್ಕಾಸಿಗೆ ಬೇರೆ ಪಕ್ಕಾಸು,
ಸೆಗಣಿ ನೆಲಕ್ಕೆ ಟೈಲ್ಸು, ಬೇಡ.
ಬಾವಿ ತೋಡಲು ಬೇಕು, ಜಾಗ ನಿಮ್ಮದೇ ಆದರೂ.
ಮಾರ್ಗದ ಬದಿಗೆ ಕಂಪೌಂಡು ಕಟ್ಟಲು ಬೇಕು.
ಹೊಸ ಕೋಣೆ ಎಳೆಯಲು ಬೇಕೇ ಬೇಕು.
"ಸಣ್ಣದು ಮಾರಾಯ್ತಿ, ಮಗಳ ಬಾಣಂತನಕ್ಕೆ" ಅಂದರೆ
ಓವರ್‌ಸಿಯರನ ಟೇಪಿಗೆ ಬಾಣಂತಿ ಕಾಣುವುದಿಲ್ಲ.

ಮರಿಯುಮ್ಮ ಕೇಳಿದಳು, ತಾರಸಿ ಸೋರುತ್ತದೆ,
ಮೇಲೊಂದು ತಗಡು ಹೊದೆಸಿದರೆ?
ಅದು ಒಳಗೆ ಕೇಳಿಯೇ ಹೇಳಬೇಕು ಎಂದೆ.
ಆಗಾಗ ತಿದ್ದುಪಡಿ.
ನನ್ನ ಪುಸ್ತಕದ ಅಂಚಿನಲ್ಲಿ ಮೂರು ಬಣ್ಣದ ಶಾಯಿ.

ಮಲೆಯಾಳದಲ್ಲಿ ಬೇಕು ಎಂದರೆ ವೇಣಂ,
ಬೇಡ ಎಂದರೆ ವೇಂಡ.
ಓದಲು ಕಲಿಯುವ ಕಾಲಕ್ಕೆ ನಾನೇ ಗುರುತು ಮಾಡಿಕೊಂಡದ್ದು:
ಕೊನೆಯಲ್ಲಿ ಸೊನ್ನೆ ಇದ್ದರೆ ಬೇಕು,
ಡ ಜೋತು ಬಿದ್ದಿದ್ದರೆ ಬೇಡ.
ಒಂದು ಸೊನ್ನೆ ತಪ್ಪಿದರೆ ಒಬ್ಬರ ಗೋಡೆ ಬೀಳುತ್ತದೆ.
ಹನ್ನೊಂದು ವರ್ಷದಲ್ಲಿ ನಾನು ತಪ್ಪಿ ಓದಿದ್ದಿಲ್ಲ.

ಐತಪ್ಪ ಮಣಿಯಾಣಿ ಬಂದದ್ದು ಊಟದ ಹೊತ್ತಿಗೆ.
ಅಂಗಿಯ ತೋಳಿನಲ್ಲಿ ಕೆಂಪುಕಲ್ಲಿನ ಹುಡಿ.
ಕೂರಿ ಎಂದರೂ ಕೂರಲಿಲ್ಲ.
"ಮನೆಯೊಳಗೆ ಒಂದು ಬಾಗಿಲು.
ಚಾವಡಿಯಿಂದ ಅಡಿಗೆಕೋಣೆಗೆ ಹೋಗುವಂಥದ್ದು.
ಅದನ್ನು ಕಲ್ಲಿಟ್ಟು ಮುಚ್ಚಲಿಕ್ಕೆ."
ಆಚೆ ಬದಿ ತಮ್ಮ ಅಪ್ಪಕುಂಞಿಯದು, ಈಚೆ ಬದಿ ಇವರದು.
ಕಲ್ಲು ತಂದಾಗಿದೆ, ನಲವತ್ತೆರಡು.
ಮೇಸ್ತ್ರಿ ಸೋಮವಾರ ಬರುತ್ತಾನೆ.
ಜಗಳ ಎಂಥದ್ದೆಂದು ನಾನು ಕೇಳಲಿಲ್ಲ,
ಫಾರಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಪುಸ್ತಕ ಬಿಡಿಸಿದೆ. ಒಳಗಿನ ಕೆಲಸ,
ಮಾಡು ಹೊರುವ ಗೋಡೆ ಮುಟ್ಟುವುದಿಲ್ಲ,
ಹೊರಗಿನಿಂದ ನೋಡಿದರೆ ಮನೆ ಇದ್ದ ಹಾಗೇ.
ನೇರವಾಗಿ ಬರೆದಿತ್ತು, ಡ ಜೋತು ಬಿದ್ದಿತ್ತು.

ಮನೆಗೆ ಒಂದು ಕಿಟಿಕಿ ಹೆಚ್ಚಾದರೆ ಕೇಳಬಹುದಾದ ಸರಕಾರ
ಮನೆಯೇ ಎರಡಾದರೆ ಕೇಳುವುದಿಲ್ಲ.

ತಲೆ ಎತ್ತಿದೆ. ಐತಪ್ಪ ನನ್ನ ಬೆರಳನ್ನೇ ನೋಡುತ್ತಿದ್ದರು.
"ಬೇಕಾಗ್ತದಲ್ವಾ?" ಎಂದರು.
"ಬೇಕೇ ಇರ್ತದೆ. ಓವರ್‌ಸಿಯರ್ ಬರಬೇಕು, ಅಳೀಬೇಕು,
ಮೂವತ್ತು ದಿನ ಅಂತೂ ಖಂಡಿತ. ಅಲ್ವಾ?"

ಪರ್ಮಿಟ್ ಬೇಡವೆಂದರೆ ಕುಣಿದವರನ್ನು ಕಂಡಿದ್ದೇನೆ,
ಬೇಕೆಂದರೆ ಬೈದವರನ್ನು.
ಬೇಕು ಎನ್ನಿಸಿಕೊಳ್ಳಲು ಬಂದವರು
ಇವರೊಬ್ಬರೇ.

ಬಸ್ಸು ಬಂತು, ಹೊಗೆ ಬಿಟ್ಟು ಹೋಯಿತು.
"ವೇಣಂ," ಎಂದೆ.
ಪುಸ್ತಕ ಮುಚ್ಚಿದೆ, ಮತ್ತೆ ಓದಬೇಕೆನಿಸೀತೆಂದು.
"ಓವರ್‌ಸಿಯರ್ ರಜೆಯಲ್ಲಿದ್ದಾರೆ. ಮೇಸ್ತ್ರಿಗೆ ಬೇಡವೆನ್ನಿ."
ನಲವತ್ತು ರೂಪಾಯಿ ಬೆಂಚಿನ ಮೇಲಿಟ್ಟರು.
ತೆಗೆದುಕೊಳ್ಳಲಿಲ್ಲ, ಆ ಹಣ ಎಂಥದ್ದರದು ಎಂದು ಬರೆಯಲಿ?

ರಾತ್ರಿ ನಿದ್ದೆ ಬರಲಿಲ್ಲ. ಸುಳ್ಳಿಗೆ ಪರ್ಮಿಟ್ ಎಲ್ಲಿಯದು.

ಒಂದೂವರೆ ತಿಂಗಳಾಯಿತು.
ಮಾರ್ಗದಲ್ಲಿ ಹೋಗುವಾಗ ಬಸ್ಸಿನಿಂದಲೇ ಇಣುಕಿದೆ:
ಅಂಗಳದಲ್ಲಿ ಕಲ್ಲು ಪೇರಿಸಿದ್ದು ಹಾಗೇ ಇತ್ತು,
ಮೇಲೆ ಯಾರೋ ಕೊಡಂಪುಳಿ ಒಣಗಲು ಹಾಕಿದ್ದರು.
ಯಾವ ಬದಿಯವರ ಹುಳಿ ಎಂದು ಬಸ್ಸಿನಿಂದ ತಿಳಿಯಲಿಲ್ಲ.

ಕಳೆದ ಗುರುವಾರ ಅಪ್ಪಕುಂಞಿ ಬಂದ, ತಮ್ಮ.
ನನಗೆ ಎದೆ ಧಸಕ್ಕೆಂದಿತು.
"ಕೋಳಿಗೂಡಿಗೆ ಪರ್ಮಿಟ್ ಬೇಕಾ ಅಂತ
ಅಣ್ಣ ಕೇಳಿಕೊಂಡು ಬಾ ಎಂದರು," ಎಂದ.
"ಎಷ್ಟು ಕಲ್ಲಿನದು?"
"ನಲವತ್ತು. ಎರಡು ಒಡೆದಿವೆ."

ಪುಸ್ತಕ ಬಿಡಿಸಿ,
ಅವನಿಗೆ ಕಾಣುವ ಹಾಗೆ ತಿರುಗಿಸಿ ಹಿಡಿದು,
ಬೆರಳಿಟ್ಟು ಓದಿದೆ.